ಕಟ್ಟಡ ಬಂತು, ಆಸ್ಪತ್ರೆ ಎಲ್ಲಿ? ಉಕ್ಕಿನಡ್ಕದ ಬಗ್ಗೆ ಪೆರ್ಲದ ಓದುಗರಿಗೆ ಉತ್ತರ

ಕಾಸರಗೋಡು ಜಿಲ್ಲೆಯ ಪೆರ್ಲದ ಓದುಗರೊಬ್ಬರು ಬರೆದ ಪತ್ರದಲ್ಲಿ ಮೂರು ಪ್ರಶ್ನೆಗಳಿವೆ. 2013ರಲ್ಲಿ ಶಿಲಾನ್ಯಾಸವಾದ ನಮ್ಮ ಜಿಲ್ಲೆಯ ಉಕ್ಕಿನಡ್ಕದ ಸರಕಾರಿ ಮೆಡಿಕಲ್ ಕಾಲೇಜು ಇಷ್ಟು ತಡವಾದದ್ದೇಕೆ? ಮಂಗಳೂರು, ಕಲ್ಲಿಕೋಟೆ, ಪರಿಯಾರಂಗಳಲ್ಲಿ ಕಾಲೇಜುಗಳು ಹೇಗೆ ಬೆಳೆದವು? ಎಂಬಿಬಿಎಸ್ ಸೀಟು ಸಿಕ್ಕಿತೆಂದು ಸಿಹಿ ಹಂಚಿದರೂ ರಾತ್ರಿ ಎದೆನೋವು ಬಂದರೆ ಈಗಲೂ ಗಡಿ ದಾಟಿ ಮಂಗಳೂರಿಗೆ ಓಡಬೇಕು, ಹಾಗಾದರೆ ಆ ಸೀಟಿನಿಂದ ನಮಗೇನು? "ಕಟ್ಟಡ ಬಂತು, ಬೋರ್ಡು ಬಂತು, ಆಸ್ಪತ್ರೆ ಎಲ್ಲಿ?" ಎಂದು ಅವರು ಪತ್ರ ಮುಗಿಸಿದ್ದಾರೆ. ಈ ಕೊನೆಯ ಮಾತಿನಲ್ಲೇ ಉತ್ತರದ ಅರ್ಧ ಇದೆ, ಏಕೆಂದರೆ ಮೆಡಿಕಲ್ ಕಾಲೇಜು ಬೆಳೆಯುವುದು ರೋಗಿ ಮಲಗಿರುವ ಹಾಸಿಗೆಯ ಸುತ್ತ.

ಹಳೆಯದರಿಂದ ಶುರು ಮಾಡೋಣ. 1956ರ ತನಕ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. 1848ರಲ್ಲಿ ಆರಂಭವಾದ ಮಂಗಳೂರಿನ ವೆನ್ಲಾಕ್ ನಮ್ಮದೇ ಜಿಲ್ಲಾಸ್ಪತ್ರೆ, ಹೆರಿಗೆಗೆ ಲೇಡಿ ಗೋಶನ್. 1953ರಲ್ಲಿ ಡಾ. ಟಿ.ಎಂ.ಎ. ಪೈ ಅವರು ಮಣಿಪಾಲದಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ತೆರೆದಾಗ ಅಲ್ಲಿ ದೊಡ್ಡ ಆಸ್ಪತ್ರೆ ಇರಲಿಲ್ಲ. ಅಂಗರಚನೆ, ಶರೀರಕ್ರಿಯೆಯ ಪಾಠ ಮಣಿಪಾಲದ ಗುಡ್ಡದ ಮೇಲೆ ನಡೆದರೆ ವಾರ್ಡಿನ ಪಾಠ ನಡೆದದ್ದು ವೆನ್ಲಾಕ್ ಮತ್ತು ಲೇಡಿ ಗೋಶನ್‌ಗಳ ಸರಕಾರಿ ಹಾಸಿಗೆಗಳ ಪಕ್ಕದಲ್ಲಿ. ನಮ್ಮ ಹಿರಿಯರು ಜ್ವರ, ಮುರಿತ, ಹೆರಿಗೆ ಎಂದು ಹೋಗಿ ಮಲಗಿದ್ದ ಹಾಸಿಗೆಗಳವು. ಆ ಕಾಲೇಜು ಬೆಳೆದದ್ದರಲ್ಲಿ ಕಾಸರಗೋಡಿನ ರೋಗಿಗಳ ಪಾಲೂ ಇದೆ ಎಂಬುದನ್ನು ಯಾರೂ ಹೇಳುವುದಿಲ್ಲ, ಹೇಳಬೇಕಾದ ಮಾತು.

ರಾಜ್ಯ ವಿಂಗಡಣೆಯಾಗಿ ನಾವು ಕೇರಳಕ್ಕೆ ಸೇರಿದ ಮರುವರ್ಷ, 1957ರಲ್ಲಿ, ಮಲಬಾರಿಗೆ ಕಲ್ಲಿಕೋಟೆಯ ಮೆಡಿಕಲ್ ಕಾಲೇಜು ಬಂತು. ಅದೂ ಮೊದಲು ಊರಿನ ಹಳೆಯ ಸರಕಾರಿ ಆಸ್ಪತ್ರೆಯನ್ನೇ ನೆಚ್ಚಿಕೊಂಡಿತು. ಸ್ವಂತ ಆಸ್ಪತ್ರೆ ತೆರೆದದ್ದು 1966ರಲ್ಲಿ. ಆದರೆ ಕಾಸರಗೋಡಿನಿಂದ ಕಲ್ಲಿಕೋಟೆಗೆ ಸುಮಾರು 180 ಕಿಲೋಮೀಟರ್, ಮಂಗಳೂರಿಗೆ 50. ನಕ್ಷೆ ಬದಲಾಯಿತು, ರೋಗಿಯ ದಾರಿ ಬದಲಾಗಲಿಲ್ಲ. ಕಣ್ಣೂರು ಜಿಲ್ಲೆಯ ಪರಿಯಾರಂನದು ಮತ್ತೊಂದು ಬಗೆ: ಕ್ಷಯರೋಗಿಗಳ ಸ್ಯಾನಿಟೋರಿಯಂ ಇದ್ದ ಜಾಗದಲ್ಲಿ 1990ರ ದಶಕದಲ್ಲಿ ಸಹಕಾರಿ ರಂಗದಲ್ಲಿ ಹುಟ್ಟಿ, ರಾಜಕೀಯದ ಹೊಡೆತಗಳನ್ನೆಲ್ಲ ತಿಂದು, 2018-19ರಲ್ಲಿ ಸರಕಾರದ ಕೈಗೆ ಬಂತು.

ಉಕ್ಕಿನಡ್ಕದಲ್ಲಿ ಆದದ್ದು ಇದರ ತಲೆಕೆಳಗು. 2013ರ ನವೆಂಬರ್ 30ರಂದು ಆಗಿನ ಮುಖ್ಯಮಂತ್ರಿ ಉಮ್ಮನ್ ಚಾಂಡಿ ಕಲ್ಲು ಹಾಕಿದ ಜಾಗ ಬರಿಯ ಅಡ್ಕ, ಮುರಕಲ್ಲಿನ (ಜಂಬಿಟ್ಟಿಗೆಯ) ಬಟ್ಟಬಯಲು. ಪಕ್ಕದಲ್ಲಿ ಹಾಸಿಗೆ ಕೊಡುವ ದೊಡ್ಡ ಆಸ್ಪತ್ರೆ ಇಲ್ಲ. ಜಾಗದ ಆಯ್ಕೆಯನ್ನು ನಾವು ತಪ್ಪು ಎನ್ನುವುದಿಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿಸಿಕೊಂಡ ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಬದಿಯಡ್ಕಗಳಿಗೆ ಅದು ಹತ್ತಿರ. ನರರೋಗ, ಅಪಸ್ಮಾರ, ಹುಟ್ಟಿನಿಂದ ಬಂದ ವೈಕಲ್ಯಗಳಿರುವ ಮಕ್ಕಳನ್ನು ಎತ್ತಿಕೊಂಡು ದೂರ ಓಡುವ ತಾಯಂದಿರಿಗೆ ಆಸ್ಪತ್ರೆ ಬಾಗಿಲಲ್ಲಿ ಬರಲೇಬೇಕಿತ್ತು. ಆದರೆ ಬಯಲಲ್ಲಿ ಕಾಲೇಜು ಕಟ್ಟುವಾಗ ಮೊದಲು ಏಳಬೇಕಾದದ್ದು ಆಸ್ಪತ್ರೆ. ಇಲ್ಲಿ ಮೊದಲು ಎದ್ದದ್ದು ಪಾಠದ ಕಟ್ಟಡ, ಆಸ್ಪತ್ರೆ ಬ್ಲಾಕ್ ಹಿಂದೆ ಬಿತ್ತು. ತಡಕ್ಕೆ ನಮ್ಮ ಲೆಕ್ಕದಲ್ಲಿ ದೊಡ್ಡ ಕಾರಣ ಈ ಅನುಕ್ರಮ.

2020ರಲ್ಲಿ ಅದರ ಬೆಲೆ ತೆತ್ತೆವು. ಮಾರ್ಚ್ ಕೊನೆಗೆ ತಲಪಾಡಿ ಗಡಿ ಮುಚ್ಚಿ ಆಂಬುಲೆನ್ಸ್‌ಗಳು ಹಿಂದೆ ತಿರುಗಿದವು, ಮಂಗಳೂರು ತಲಪಲಾಗದೆ ಜೀವಗಳು ಹೋದವು. ಏಪ್ರಿಲ್‌ನಲ್ಲಿ ಅದೇ ಪಾಠದ ಕಟ್ಟಡಕ್ಕೆ ಹಾಸಿಗೆ ಹಾಕಿ ಕೋವಿಡ್ ಆಸ್ಪತ್ರೆ ಮಾಡಿದರು, ತಿರುವನಂತಪುರ ಮೆಡಿಕಲ್ ಕಾಲೇಜಿನ ವೈದ್ಯರು, ನರ್ಸ್‌ಗಳು ರಸ್ತೆ ಹಿಡಿದು ಬಂದು ನಡೆಸಿದರು. ಕೆಲವೇ ದಿನಗಳಲ್ಲಿ ಅದು ಸಾಧ್ಯವಾದದ್ದು ಸಿಬ್ಬಂದಿ ಎರವಲು ಬಂದದ್ದರಿಂದ. ಅವರು ಮರಳಿದ ಮೇಲೆ ಗೋಡೆ ಮಾತ್ರ ಉಳಿಯಿತು. ಹೊರರೋಗಿ ವಿಭಾಗ (ಒಪಿ) ಶುರುವಾದದ್ದು 2022ರ ಜನವರಿಯಲ್ಲಿ. 50 ಎಂಬಿಬಿಎಸ್ ಸೀಟಿಗೆ ಅನುಮತಿ ಬಂದದ್ದು 2025ರ ಸೆಪ್ಟೆಂಬರ್‌ನಲ್ಲಿ, ವಯನಾಡಿನ ಜೊತೆಗೆ.

ಈ 50 ಸೀಟಿನ ಹಿಂದಿನ ಲೆಕ್ಕ ತಿಳಿದರೆ ಮುಂದೆ ಏನು ಕೇಳಬೇಕೆಂದು ಗೊತ್ತಾಗುತ್ತದೆ. ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ನಿಯಮದ ಪ್ರಕಾರ 50 ಸೀಟಿಗೆ ಕನಿಷ್ಠ 220 ಹಾಸಿಗೆ, 100ಕ್ಕೆ 420, 150ಕ್ಕೆ 605. ಆ 220ರಲ್ಲಿ ಜನರಲ್ ಮೆಡಿಸಿನ್‌ಗೆ 50, ಸರ್ಜರಿಗೆ 50, ಮಕ್ಕಳಿಗೆ 25, ಹೆರಿಗೆ ಮತ್ತು ಸ್ತ್ರೀರೋಗಕ್ಕೆ 25, ಎಲುಬಿಗೆ 20, ಐಸಿಯುಗೆ 20, ಉಳಿದದ್ದು ಕಣ್ಣು, ಕಿವಿ-ಮೂಗು-ಗಂಟಲು, ಚರ್ಮ, ಮನೋರೋಗಕ್ಕೆ. ಹಾಸಿಗೆ ಖಾಲಿ ಇದ್ದರೆ ಲೆಕ್ಕಕ್ಕಿಲ್ಲ, ವರ್ಷದ ಸರಾಸರಿಯಲ್ಲಿ ನೂರಕ್ಕೆ 80 ತುಂಬಿರಬೇಕು, ಎಂದರೆ ದಿನಕ್ಕೆ ಸರಾಸರಿ 176 ರೋಗಿಗಳು ಒಳಗೆ. ಸೀಟೊಂದಕ್ಕೆ 8ರಂತೆ ದಿನಕ್ಕೆ 400 ಮಂದಿ ಒಪಿಗೆ ಬರಬೇಕು. ಇದನ್ನು ಆಯೋಗ ಒಮ್ಮೆ ನೋಡಿ ಸುಮ್ಮನಾಗುವುದಿಲ್ಲ. ಇಡುಕ್ಕಿಯಲ್ಲಿ 2014ರಲ್ಲಿ ಕಾಲೇಜು ಶುರುವಾಗಿ, ಸೌಕರ್ಯ ಸಾಲದೆ ಅನುಮತಿ ಹೋಗಿ, ಮಕ್ಕಳನ್ನು ಬೇರೆ ಕಾಲೇಜುಗಳಿಗೆ ಸಾಗಿಸಬೇಕಾಯಿತು. ಮತ್ತೆ ಬಾಗಿಲು ತೆರೆಯಲು 2022 ಬಂತು. ನಮ್ಮ ಮಕ್ಕಳಿಗೆ ಆ ಗತಿ ಬರಬಾರದು.

ಮಲಪ್ಪುರಂ ಜಿಲ್ಲೆಯ ಮಂಜೇರಿಯದು ವೇಗದ ದಾರಿ: 2013ರಲ್ಲಿ ಇದ್ದ ಸರಕಾರಿ ಆಸ್ಪತ್ರೆಯನ್ನೇ ಮೆಡಿಕಲ್ ಕಾಲೇಜು ಮಾಡಿದರು. ಬೇಗ ಆಯಿತು, ಆದರೆ ಊರು ತನ್ನ ಜನರಲ್ ಆಸ್ಪತ್ರೆಯನ್ನು ಕಳಕೊಂಡಿತು. ಅದನ್ನು ಬೇರೆಯಾಗಿ ಕೊಡಿ ಎಂಬ ಬೇಡಿಕೆ ಅಲ್ಲಿ ವರ್ಷಗಟ್ಟಲೆ ಕೇಳಿಬಂತು. ಕಾಸರಗೋಡು ಪೇಟೆಯ ಜನರಲ್ ಆಸ್ಪತ್ರೆಯ ಹಾಸಿಗೆಗಳನ್ನು ಕಲಿಕೆಗೆ ಬಳಸುವುದು ತಪ್ಪಲ್ಲ, ವೆನ್ಲಾಕಿನಲ್ಲೂ ಕಲ್ಲಿಕೋಟೆಯಲ್ಲೂ ಆದದ್ದು ಅದೇ. ಆ ಹಾಸಿಗೆಗಳನ್ನು ಉಕ್ಕಿನಡ್ಕದ ಹಾಸಿಗೆ ಎಂದು ಎಣಿಸಿ ಅಲ್ಲಿನ ಕೆಲಸ ನಿಧಾನ ಮಾಡಿದರೆ ಮಾತ್ರ ಜಿಲ್ಲೆಗೆ ಒಂದು ಹಾಸಿಗೆಯೂ ಹೆಚ್ಚಾಗುವುದಿಲ್ಲ.

ಇನ್ನು ರಾತ್ರಿಯ ಪ್ರಶ್ನೆ. ಒಂದು ಕುರ್ಚಿಯಲ್ಲಿ ಹಗಲು ರಾತ್ರಿ ಒಬ್ಬರು ಇರಬೇಕೆಂದರೆ ವಾರಕ್ಕೆ 168 ಗಂಟೆ. ಒಬ್ಬರಿಗೆ 48 ಗಂಟೆ ಎಂದರೆ ಮೂರೂವರೆ ಜನ, ರಜೆ, ಕಾಯಿಲೆ, ತರಬೇತಿ ಸೇರಿದರೆ ಐದು ಜನ ಬೇಕು. ಐಸಿಯುನಲ್ಲಿ ರೋಗಿಗೊಬ್ಬ ನರ್ಸ್ ಎಂದಾದರೆ 20 ಹಾಸಿಗೆಗೆ ನೂರರ ಹತ್ತಿರ ನರ್ಸ್‌ಗಳು. ಹೆರಿಗೆ ಕೋಣೆ ತೆರೆಯಲು ಸ್ತ್ರೀರೋಗ ತಜ್ಞರೊಬ್ಬರು ಸಾಲದು: ಅರಿವಳಿಕೆ ವೈದ್ಯರು, ಮಕ್ಕಳ ವೈದ್ಯರು, ರಕ್ತ ನಿಧಿ, ರಾತ್ರಿಯ ಲ್ಯಾಬ್, ಇವುಗಳಲ್ಲಿ ಒಂದು ಇಲ್ಲದಿದ್ದರೂ ಗರ್ಭಿಣಿಯನ್ನು ಮುಂದಕ್ಕೆ ಕಳಿಸಲೇಬೇಕಾಗುತ್ತದೆ. ಕಲ್ಲಿಕೋಟೆಯಂಥ ಹಳೆಯ ಕಾಲೇಜಿನಲ್ಲಿ ರಾತ್ರಿಯ ಭಾರ ಹೊರುವವರು ಪಿಜಿ (ಸ್ನಾತಕೋತ್ತರ) ಓದುವ ವೈದ್ಯರು ಮತ್ತು ಎಂಬಿಬಿಎಸ್ ಓದು ಮುಗಿಸಿ ತರಬೇತಿಯಲ್ಲಿರುವ ಹೌಸ್ ಸರ್ಜನ್‌ಗಳು. ಉಕ್ಕಿನಡ್ಕದಲ್ಲಿ ಅವರಿಲ್ಲ. 2025ರಲ್ಲಿ ಸೇರಿದ ಮಕ್ಕಳು ನಾಲ್ಕೂವರೆ ವರ್ಷ ಓದಿ ಹೌಸ್ ಸರ್ಜನ್ ಆಗುವಾಗ 2030, ಪಿಜಿ ಸೀಟು ಬರುವುದು ಬೇರೆಯೇ ಅನುಮತಿಯಿಂದ. ಅಲ್ಲಿಯ ತನಕದ ರಾತ್ರಿಗಳಿಗೆ ಸರಕಾರ ಸಂಬಳದ ಹುದ್ದೆಗಳನ್ನೇ ಕೊಡಬೇಕು. ಬೇರೆ ಕಾಲೇಜಿನಿಂದ ತಾತ್ಕಾಲಿಕವಾಗಿ ವರ್ಗ ಮಾಡಿದವರು ಆಯೋಗದ ತಪಾಸಣೆ ಮುಗಿದೊಡನೆ ಊರಿಗೆ ಮರಳುವ ಹಾದಿ ನೋಡುತ್ತಾರೆ. ಕ್ವಾರ್ಟರ್ಸ್, ಮಕ್ಕಳಿಗೆ ಶಾಲೆ, ಚೆರ್ಕಳ–ಕಲ್ಲಡ್ಕ ರಸ್ತೆಯಲ್ಲಿ ರಾತ್ರಿ ಬಸ್ಸು ಇಲ್ಲದಿದ್ದರೆ ಯಾರೂ ನಿಲ್ಲುವುದಿಲ್ಲ, ಅವರನ್ನು ದೂರಿ ಫಲವಿಲ್ಲ.

ನೀರಿನ ಮಾತೂ ಹೇಳಬೇಕು. ನೂರಕ್ಕಿಂತ ಹೆಚ್ಚು ಹಾಸಿಗೆಯ ಆಸ್ಪತ್ರೆಗೆ ಹಾಸಿಗೆಯೊಂದಕ್ಕೆ ದಿನಕ್ಕೆ 450 ಲೀಟರ್ ಎಂಬುದು ಮಾನದಂಡ. ಮುಂದೆ 500 ಹಾಸಿಗೆಯಾದರೆ ಎರಡೂಕಾಲು ಲಕ್ಷ ಲೀಟರ್, ಹಾಸ್ಟೆಲು ಬೇರೆ. ಅಡ್ಕದ ಮೇಲೆ ಬಿದ್ದ ಮಳೆ ಮುರಕಲ್ಲಿನೊಳಗೆ ಇಳಿದು ತಗ್ಗಿನಲ್ಲಿ ನೀರಿಗೆಂದು ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗ, ತೋಡುಗಳಲ್ಲಿ ಹೊರಡುತ್ತದೆ, ಮೇಲೆ ಕೊಳವೆಬಾವಿ ಕೊರೆದವರಿಗೆ ಬೇಸಗೆಯಲ್ಲಿ ಸಿಗುವುದು ಏನೆಂದು ನಮ್ಮ ಕೃಷಿಕರಿಗೆ ಹೇಳಿಕೊಡಬೇಕಾಗಿಲ್ಲ. ಬಳಸಿದ ನೀರು ಶುದ್ಧವಾಗದೆ ಹೊರಟರೆ ಅದೇ ದಾರಿಯಲ್ಲಿ ಕೆಳಗಿನ ಬಾವಿಗಳನ್ನು ಸೇರುತ್ತದೆ. ಶುದ್ಧೀಕರಣ ಘಟಕ ವಾರ್ಡಿಗಿಂತ ಮೊದಲು ಸಿದ್ಧವಾಗಬೇಕು.

ಭಾಷೆಯ ವಿಷಯ ನಮಗೆ ಸಣ್ಣದಲ್ಲ. ವೈದ್ಯ ವಿದ್ಯಾರ್ಥಿ ಕಲಿಯುವ ಮೊದಲ ಕೌಶಲ ರೋಗಿಯ ಬಾಯಿಂದ ಕಾಯಿಲೆಯ ವಿವರ ಕೇಳಿ ಪಡೆಯುವುದು: ಎಲ್ಲಿ ನೋವು, ಯಾವಾಗಿನಿಂದ, ಉರಿಯೋ ಸೆಳೆತವೋ. ತುಳುವಿನಲ್ಲಿ "ಬಂಜಿಬೇನೆ" (ಹೊಟ್ಟೆನೋವು) ಎನ್ನುವ ಅಜ್ಜಿಯ ಮುಂದೆ ಕೊಲ್ಲಂನಿಂದ ಬಂದ ಹುಡುಗಿ ಕೂತಾಗ ನಡುವೆ ಸೇತುವೆ ಬೇಕು. ಕನ್ನಡ, ತುಳು ಬಲ್ಲ ಸ್ಥಳೀಯ ನರ್ಸ್‌ಗಳಿಗೆ ನೇಮಕದಲ್ಲಿ ಆದ್ಯತೆ, ಮೊದಲ ವರ್ಷದಲ್ಲೇ ವಿದ್ಯಾರ್ಥಿಗಳಿಗೆ ನೂರಿನ್ನೂರು ಪದಗಳ ಕನ್ನಡ–ತುಳು ಪಾಠ, ಒಪಿ ಚೀಟಿ ಮತ್ತು ಔಷಧದ ಕವರಿನ ಮೇಲೆ ಕನ್ನಡ, ಇಷ್ಟಕ್ಕೆ ಕೋಟಿಗಳು ಬೇಡ.

ಎದೆನೋವಿನ ನೇರ ಪ್ರಶ್ನೆಗೆ ನೇರ ಉತ್ತರ: ದೊಡ್ಡ ಆಸ್ಪತ್ರೆಯ ಹೆಸರು ಹುಡುಕುವ ಮೊದಲು 108ಕ್ಕೆ ಕರೆ ಮಾಡಿ, ಹತ್ತಿರದಲ್ಲಿ ಆ ಹೊತ್ತಿಗೆ ಇಸಿಜಿ ಎಲ್ಲಿದೆಯೋ ಅಲ್ಲಿಗೆ ಹೋಗಿ. ತಲಪಿದ ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕು. ಹೃದಯಾಘಾತ ಎಂದಾದರೆ ಎರಡು ಗಂಟೆಯೊಳಗೆ ಆಂಜಿಯೋಪ್ಲಾಸ್ಟಿ (ಮುಚ್ಚಿದ ರಕ್ತನಾಳ ತೆರೆಯುವ ಚಿಕಿತ್ಸೆ) ಆಗುವಂತಿದ್ದರೆ ಮಾತ್ರ ನೇರ ಅಲ್ಲಿಗೆ. ಆಗದಿದ್ದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಮೊದಲು, ಪ್ರಯಾಣ ಆಮೇಲೆ. ಉಕ್ಕಿನಡ್ಕಕ್ಕೆ ಮೊದಲು ಬೇಕಾದ ರಾತ್ರಿ ಸೇವೆ ಇದೇ: ಇಸಿಜಿ, ಆ ಇಂಜೆಕ್ಷನ್, ಅದನ್ನು ಕೊಡಬಲ್ಲ ವೈದ್ಯರು.

ನೀವು ಕೇಳಬೇಕಾದದ್ದನ್ನು ಮಾಹಿತಿ ಹಕ್ಕಿನಲ್ಲಿ 10 ರೂಪಾಯಿಯ ಕೋರ್ಟ್ ಫೀ ಸ್ಟಾಂಪ್ ಅಂಟಿಸಿ ಕೇಳಿ. ಉಕ್ಕಿನಡ್ಕದ ಆವರಣದಲ್ಲೇ ಇಂದು ರೋಗಿ ಮಲಗಿರುವ ಹಾಸಿಗೆ ಎಷ್ಟು, ವಿಭಾಗವಾರು? ಮಂಜೂರಾದ ಹುದ್ದೆಗಳಲ್ಲಿ ಕಾಯಂ ಎಷ್ಟು, ತಾತ್ಕಾಲಿಕ ವರ್ಗದವರು ಎಷ್ಟು? ರಾತ್ರಿ ಎಂಟರ ನಂತರ ಇರುವ ವೈದ್ಯರು ಯಾವ ಯಾವ ವಿಭಾಗದವರು? ಅರ್ಜಿಯನ್ನು ಕನ್ನಡದಲ್ಲೇ ಬರೆಯಿರಿ. 1969ರ ಕೇರಳ ಅಧಿಕೃತ ಭಾಷಾ ಕಾನೂನಿನಂತೆ ಕಾಸರಗೋಡಿನ ಕನ್ನಡಿಗರು ಇಲ್ಲಿನ ಸರಕಾರಿ ಕಚೇರಿಗಳಿಗೂ ಇಲಾಖಾ ಮುಖ್ಯಸ್ಥರಿಗೂ ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. 30 ದಿನದೊಳಗೆ ಬಂದ ಉತ್ತರದ ಪ್ರತಿಯನ್ನು ನಮಗೆ ಕಳಿಸಿ, ಅಂಕಿಗಳನ್ನು ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ.

— ಸಂಪಾದಕ