ಸೋದರಮಾವನ ಸಿಂಹಾಸನ

ಹದಿನೇಳನೇ ಶತಮಾನದ ಫ್ರಾನ್ಸಿನ ರಾಜ ಹದಿನಾಲ್ಕನೇ ಲೂಯಿ ಕ್ಯಾಥೊಲಿಕ್, ಅಂದರೆ ಪೋಪ್‌ನನ್ನು ಗುರು ಅಂತ ಒಪ್ಪುವವನು; ಪೋಪ್‌ನನ್ನು ಒಪ್ಪದೆ ಬೇರೆಯಾದ ಪ್ರೊಟೆಸ್ಟೆಂಟ್ ಕ್ರೈಸ್ತರನ್ನು ಅವನು ಕಾಡಿದ್ದರ ಬಗ್ಗೆ ಹೋದ ತಿಂಗಳು ಈ ಅಂಕಣದಲ್ಲಿ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಇಷ್ಟೊಂದು ಪತ್ರ ಬರುತ್ತವೆ ಅಂತ ನಿಜವಾಗಲೂ ಅಂದುಕೊಂಡಿರಲಿಲ್ಲ. ಎಲ್ಲದಕ್ಕೂ ಜಾಗ ಇಲ್ಲ, ಐದನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಆ ಕಾಲದಲ್ಲಿ ಕ್ಯಾಥೊಲಿಕ್ ರಾಜರೆಲ್ಲ ಒಂದು ಕಡೆ, ಪ್ರೊಟೆಸ್ಟೆಂಟ್ ರಾಜರೆಲ್ಲ ಇನ್ನೊಂದು ಕಡೆ ನಿಂತು ಹೊಡೆದಾಡಿದರು ಅಂತ ಶಾಲೆಯಲ್ಲಿ ಓದಿದ್ದೆ. ಅಷ್ಟು ಸರಳವಾ? (ನಿವೃತ್ತ ಬ್ಯಾಂಕ್ ನೌಕರ, ಬಸವನಗುಡಿ)

ಇಲ್ಲ ಸರ್. ಬ್ಯಾಂಕಿನಲ್ಲಿದ್ದವರು ನೀವು, ದುಡ್ಡು ಯಾರ ಖಾತೆಯಿಂದ ಯಾರ ಖಾತೆಗೆ ಹೋಯಿತು ಅಂತ ನೋಡಿದರೆ ಸಾಕು. 1631ರಲ್ಲಿ ಸ್ವೀಡನ್ ರಾಜ ಗುಸ್ತಾವಸ್ ಅಡಾಲ್ಫಸ್ ಜರ್ಮನಿಯಲ್ಲಿ ಕ್ಯಾಥೊಲಿಕ್ ಚಕ್ರವರ್ತಿಯ ಮೇಲೆ ದಂಡೆತ್ತಿ ಬಂದು ಕೂತಿದ್ದ. ಕಟ್ಟಾ ಲೂಥರನ್, ಅಂದರೆ ಪ್ರೊಟೆಸ್ಟೆಂಟ್. ಅವನ ಸೈನ್ಯ ಸಾಕಲು ವರ್ಷಕ್ಕೆ 4 ಲಕ್ಷ ಥಾಲರ್ (ಆಗಿನ ಬೆಳ್ಳಿ ನಾಣ್ಯ) ಕೊಡುತ್ತೇವೆ ಅಂತ ಒಪ್ಪಿದ್ದು ಕ್ಯಾಥೊಲಿಕ್ ಫ್ರಾನ್ಸ್! ಈ ವ್ಯವಹಾರದ ಹಿಂದಿದ್ದ ಮಂತ್ರಿ ರಿಶಲ್ಯು ಅಂತಿಂಥ ಕ್ಯಾಥೊಲಿಕ್ ಅಲ್ಲ, ಸ್ವತಃ ಕಾರ್ಡಿನಲ್, ಪೋಪ್‌ಗಿಂತ ಒಂದೇ ಮೆಟ್ಟಿಲು ಕೆಳಗಿನ ಧರ್ಮಗುರು. ಅದೇ ರಿಶಲ್ಯು ಮೂರು ವರ್ಷ ಹಿಂದೆ ಲಾ ರೊಶೆಲ್ ಬಂದರಿಗೆ ಮುತ್ತಿಗೆ ಹಾಕಿ, ತನ್ನ ದೇಶದ ಪ್ರೊಟೆಸ್ಟೆಂಟರನ್ನು ಹಸಿವಿನಿಂದ ಮಣಿಸಿದ್ದ.

ಅವನ ತಲೆನೋವು ಬೇರೆ ಇತ್ತು. ಒಂದು ಪಕ್ಕ ಸ್ಪೇನ್, ಇನ್ನೊಂದು ಪಕ್ಕ ಆಸ್ಟ್ರಿಯಾ, ಎರಡೂ ಕಡೆ ಆಳುತ್ತಿದ್ದದ್ದು ಆ ಚಕ್ರವರ್ತಿಯದೇ ಹ್ಯಾಬ್ಸ್‌ಬರ್ಗ್ ಮನೆತನ. ಇಬ್ಬರೂ ಕ್ಯಾಥೊಲಿಕರೇ, ಆದರೆ ನಡುವೆ ಸಿಕ್ಕಿಕೊಂಡವನಿಗೆ ಅದರಿಂದ ಏನು ಸಮಾಧಾನ? ನಮ್ಮಲ್ಲೂ ಅಷ್ಟೇ ಅಲ್ವಾ, ಕೃಷ್ಣದೇವರಾಯ ವರ್ಷಗಟ್ಟಲೆ ಕಾದಾಡಿದ ಒಡಿಶಾದ ಗಜಪತಿ ಬೇರೆ ಧರ್ಮದವನೇನಲ್ಲ.

ಹಾಗಂತ ಮತ ಅನ್ನುವುದು ಸುಮ್ನೆ ನೆಪ ಅಂತ ನಾನು ಹೇಳುವುದಿಲ್ಲ. ನನಗೆ ಕಂಡಂತೆ ಈ ರಾಜರು ತಮ್ಮ ಪ್ರಜೆಗಳ ಮುಂದೆ ಕ್ಯಾಥೊಲಿಕ್ ಅಥವಾ ಪ್ರೊಟೆಸ್ಟೆಂಟ್ ಆಗಿದ್ದರು, ಇನ್ನೊಬ್ಬ ರಾಜನ ಮುಂದೆ ಬರೀ ರಾಜರಾಗಿದ್ದರು. ಪ್ರಜೆಗಳ ಪಾಡು ಏನಾಯಿತು ಅನ್ನುವುದಕ್ಕೆ ಮುಂದಿನ ಪತ್ರ ನೋಡಿ.

ಪ್ರಶ್ನೆ: ನಮ್ಮಮ್ಮ ಕ್ಯಾಥೊಲಿಕ್, ಅಪ್ಪ ಸಿಎಸ್‌ಐ, ಅಂದರೆ ಪ್ರೊಟೆಸ್ಟೆಂಟ್. ಸೆಪ್ಟೆಂಬರ್‌ನಲ್ಲಿ ಮನೆಮಂದಿಯೆಲ್ಲ ಶಿವಾಜಿನಗರದ ಸಂತ ಮೇರಿ ಹಬ್ಬಕ್ಕೆ ಹೋಗುತ್ತೇವೆ. ಲೂಯಿ ಪ್ರೊಟೆಸ್ಟೆಂಟರನ್ನು ಅಷ್ಟು ಕಾಡಿದ್ದು ಯಾಕೆ? ಕಾಡಿದ್ದು ಹೇಗೆ? (ಓದುಗಿ, ಫ್ರೇಜರ್ ಟೌನ್)

ಯಾಕೆ ಅನ್ನುವುದು ಸುಲಭ. ‘ಒಬ್ಬ ರಾಜ, ಒಂದು ಕಾನೂನು, ಒಂದು ಮತ’ ಅನ್ನುವ ಮಾತು ಅಲ್ಲಿ ಓಡಾಡುತ್ತಿತ್ತು. ರಾಜನ ಮತ ಬಿಟ್ಟು ಇನ್ನೊಂದನ್ನು ಹಿಡಿದ ಪ್ರಜೆ ನಾಳೆ ರಾಜನ ಮಾತನ್ನೂ ಮೀರಬಹುದು ಅನ್ನುವ ಲೆಕ್ಕ.

ಹೇಗೆ ಅನ್ನುವುದನ್ನು ಮೊದಲ ಸಲ ಓದಿದ್ದು ಕಬ್ಬನ್ ಪಾರ್ಕಿನ ಕೆಂಪು ಲೈಬ್ರರಿಯಲ್ಲಿ ಕೂತು, ಓದಿ ಎದ್ದು ಬಂದು ಹೊರಗೆ ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದೆ. ಕತ್ತಿ ಹಿಡಿದು ಕೊಲ್ಲಲಿಲ್ಲ ಮೇಡಂ. ಮನೆಗೆ ಅತಿಥಿಗಳನ್ನು ಕಳಿಸಿದರು. 1681ರಲ್ಲಿ ಪ್ವಾತು ಪ್ರಾಂತ್ಯದಲ್ಲಿ ಶುರುವಾಯಿತು: ಹ್ಯೂಗೆನಾಟ್ ಅಂದರೆ ಫ್ರೆಂಚ್ ಪ್ರೊಟೆಸ್ಟೆಂಟರ ಮನೆ ಮನೆಗೆ ಡ್ರಗೂನ್ ಅನ್ನುವ ಕುದುರೆ ಸೈನಿಕರನ್ನು ಬಿಡಾರ ಹೂಡಲು ಕಳಿಸುವುದು. ಇರುವ ಎರಡು ಕೋಣೆಗೆ ನಾಲ್ಕು ಜನ ಸೈನಿಕರು ಬಂದು ಕೂತರೆ ಹೇಗಿರುತ್ತದೆ ಯೋಚಿಸಿ. ಅವರ ಊಟ, ಕುಡಿತ, ಕುದುರೆಯ ಮೇವು ಎಲ್ಲ ಮನೆಯವರದೇ ಖರ್ಚು. ಸಾಮಾನು ಒಡೆದರೂ ಕೇಳುವ ಹಾಗಿಲ್ಲ. ಮನೆ ಯಜಮಾನ ಮತ ಬಿಡಲಿಲ್ಲವೆಂದರೆ ರಾತ್ರಿಯಿಡೀ ಅವನ ಹಾಸಿಗೆ ಸುತ್ತ ನಗಾರಿ ಬಾರಿಸುತ್ತಿದ್ದರು, ನಿದ್ದೆ ಬರದ ಹಾಗೆ, ಒಂದು ದಿನ ಅಲ್ಲ, ಅವನು ಕಾಗದಕ್ಕೆ ಸಹಿ ಹಾಕುವವರೆಗೆ. ಸಹಿ ಹಾಕಿದವರ ಮನೆಗೆ ಎರಡು ವರ್ಷ ಸೈನಿಕರ ಕಾಟ ಇಲ್ಲ ಅಂತ ಸರ್ಕಾರವೇ ರಿಯಾಯಿತಿ ಕೊಟ್ಟಿತ್ತು. ಸೈನಿಕರು ಬರುತ್ತಾರಂತೆ ಅನ್ನುವ ಸುದ್ದಿಗೇ ಊರಿಗೆ ಊರೇ ಕ್ಯಾಥೊಲಿಕ್ ಆಗತೊಡಗಿತು.

ಆಮೇಲೆ 1685ರ ಅಕ್ಟೋಬರ್. ಹೇಗೂ ಎಲ್ಲರೂ ಮತ ಬದಲಿಸಿದ್ದಾರಲ್ಲ, ಇನ್ನು ಆ ಹಳೇ ಕಾನೂನು ಯಾಕೆ ಅಂತ ಲೂಯಿ ನಾಂತ್ ಶಾಸನವನ್ನೇ ರದ್ದು ಮಾಡಿದ. ಪ್ರೊಟೆಸ್ಟೆಂಟರು ತಮ್ಮ ಪಾಡಿಗೆ ಪ್ರಾರ್ಥನೆ ಮಾಡಿಕೊಂಡಿರಲಿ ಅಂತ 1598ರಲ್ಲಿ ಅದನ್ನು ಕೊಟ್ಟಿದ್ದು ಅವನ ಸ್ವಂತ ತಾತ, ನಾಲ್ಕನೇ ಹೆನ್ರಿ. ಲೂಯಿಯ ಹೊಸ ಆಜ್ಞೆ ಹೀಗಿತ್ತು: ಪ್ರೊಟೆಸ್ಟೆಂಟ್ ಪಾದ್ರಿಗಳು 15 ದಿನದೊಳಗೆ ದೇಶ ಬಿಡಬೇಕು, ಉಳಿದವರು ಬಿಡಲೇಬಾರದು. ಗಡಿಯಲ್ಲಿ ಸಿಕ್ಕಿಬಿದ್ದ ಗಂಡಸರನ್ನು ಹಡಗಿನ ಹುಟ್ಟು ಹಾಕಲು ಕಳಿಸುತ್ತಿದ್ದರು, ಹೆಂಗಸರನ್ನು ಜೈಲಿಗೆ. ಆದರೂ ಸುಮಾರು 2 ಲಕ್ಷ ಜನ ತಪ್ಪಿಸಿಕೊಂಡು ಹೋದರು.

ಹೋದವರಲ್ಲಿ ರೇಷ್ಮೆ ನೇಯುವವರು, ಗಡಿಯಾರ ಮಾಡುವವರು, ವ್ಯಾಪಾರಿಗಳು ಎಲ್ಲ ಇದ್ದರು. ಜರ್ಮನಿಯ ಬ್ರಾಂಡೆನ್‌ಬರ್ಗಿನ ಪ್ರೊಟೆಸ್ಟೆಂಟ್ ದೊರೆ ಜಾಣ, ಕೆಲವೇ ವಾರಗಳಲ್ಲಿ ‘ನಮ್ಮಲ್ಲಿಗೆ ಬನ್ನಿ, ಜಾಗ ಕೊಡುತ್ತೇವೆ, ತೆರಿಗೆ ಬಿಡುತ್ತೇವೆ’ ಅಂತ ಪೋಟ್ಸ್‌ಡ್ಯಾಮ್‌ನಿಂದ ಶಾಸನ ಹೊರಡಿಸಿದ. ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್‌ನಲ್ಲಿ ಇವರ ಮಗ್ಗಗಳ ಸದ್ದು ಶುರುವಾಯಿತು. ನಮ್ಮ ಚಿಕ್ಕಪೇಟೆಯ ರೇಷ್ಮೆ ಅಂಗಡಿಗಳೆಲ್ಲ ಒಂದು ರಾತ್ರಿ ಬಾಗಿಲು ಹಾಕಿ ಚೆನ್ನೈಗೋ ಹೈದರಾಬಾದಿಗೋ ಹೋದವು ಅಂತ ಇಟ್ಟುಕೊಳ್ಳಿ. ಹಾಗೆ.

ಪ್ರಶ್ನೆ: ಇಂಗ್ಲೆಂಡಿನಲ್ಲಿ 1688ರ ಕ್ರಾಂತಿ ಅಂತ ಪಿಯುಸಿ ಪಾಠದಲ್ಲಿದೆ. ವಿಲಿಯಂ ಯಾರು, ಜೇಮ್ಸ್ ಯಾರು, ಪಾಠ ಓದಿದರೆ ತಲೆ ತಿರುಗುತ್ತದೆ. (ವಿದ್ಯಾರ್ಥಿನಿ, ಯಲಹಂಕ)

ತಲೆ ತಿರುಗುವುದೇನೂ ಬೇಡ ಪುಟ್ಟಿ, ಇದು ನಮ್ಮ ಮನೆಗಳ ಕಥೆಯೇ. ಹಾಲೆಂಡಿನ ಆಡಳಿತಗಾರ ವಿಲಿಯಂನ ತಾಯಿ ಇಂಗ್ಲೆಂಡಿನ ರಾಜ ಎರಡನೇ ಜೇಮ್ಸ್‌ನ ಅಕ್ಕ. ಅಂದರೆ ಜೇಮ್ಸ್ ಅವನಿಗೆ ಸೋದರಮಾವ. 1677ರಲ್ಲಿ ವಿಲಿಯಂ ಆ ಮಾವನ ಮಗಳು ಮೇರಿಯನ್ನೇ ಮದುವೆಯಾದ. ಸೋದರಮಾವನೇ ಹೆಣ್ಣು ಕೊಟ್ಟ ಮಾವ. ನಮ್ಮಲ್ಲಿ ಇದು ಯಾವ ಊರಿನಲ್ಲಿಲ್ಲ ಹೇಳು?

ಮಾವ ಕ್ಯಾಥೊಲಿಕ್ ಆಗಿಬಿಟ್ಟಿದ್ದ, ಅಳಿಯ ಮಗಳು ಇಬ್ಬರೂ ಪ್ರೊಟೆಸ್ಟೆಂಟ್. ಮುದುಕನ ನಂತರ ಹೇಗೂ ಮೇರಿ ಬರುತ್ತಾಳೆ ಅಂತ ಇಂಗ್ಲಿಷ್ ಮಂದಿ ಹಲ್ಲು ಕಚ್ಚಿಕೊಂಡಿದ್ದರು. 1688ರ ಜೂನ್‌ನಲ್ಲಿ ಜೇಮ್ಸ್‌ನ ಎರಡನೇ ಹೆಂಡತಿಗೆ ಗಂಡುಮಗು ಹುಟ್ಟಿತು. ಇನ್ನು ಪರಂಪರೆಯೆಲ್ಲ ಕ್ಯಾಥೊಲಿಕ್! ಮಗು ರಾಣಿಯದೇ ಅಲ್ಲ, ಹಾಸಿಗೆ ಬೆಚ್ಚಗೆ ಮಾಡುವ ಕೆಂಡದ ಪಾತ್ರೆಯಲ್ಲಿ ಅಡಗಿಸಿ ಯಾರದೋ ಮಗುವನ್ನು ಕೋಣೆಗೆ ತಂದರು ಅಂತ ಗಾಳಿಸುದ್ದಿ ಹಬ್ಬಿತು. ಹೆರಿಗೆ ಕೋಣೆಯಲ್ಲಿ ದೊಡ್ಡ ಮನುಷ್ಯರ ಹಿಂಡೇ ಸಾಕ್ಷಿಗೆ ನಿಂತಿತ್ತು, ಆದರೂ ನಂಬುವವರು ನಂಬಿದರು. ಗಾಳಿಸುದ್ದಿಗೆ ವಾಟ್ಸಾಪ್ ಬೇಕೇ ಬೇಕು ಅಂತೇನಿಲ್ಲ.

ಏಳು ಜನ ಗಣ್ಯರು ವಿಲಿಯಂಗೆ ಗುಟ್ಟಾಗಿ ಕಾಗದ ಬರೆದು ಕರೆದರು. ಅವನು 400ಕ್ಕೂ ಹೆಚ್ಚು ಹಡಗು ಕಟ್ಟಿಕೊಂಡು ಬಂದ. ನೂರು ವರ್ಷ ಹಿಂದೆ, 1588ರಲ್ಲಿ, ಸ್ಪೇನಿನ ಕ್ಯಾಥೊಲಿಕ್ ರಾಜ ಎರಡನೇ ಫಿಲಿಪ್ ಇಂಗ್ಲೆಂಡಿನ ರಾಣಿ ಎಲಿಜಬೆತ್ ಮೇಲೆ ಕಳಿಸಿದ್ದ ಪ್ರಸಿದ್ಧ ನೌಕಾಪಡೆಯಲ್ಲಿ ಇದ್ದದ್ದು ಸುಮಾರು 130. ಮೂಡಣ ಗಾಳಿ ವಿಲಿಯಂನನ್ನು ದಡಕ್ಕೆ ತಂದಿತು, ಜೇಮ್ಸ್‌ನ ಹಡಗುಗಳನ್ನು ಥೇಮ್ಸ್ ಬಾಯಲ್ಲೇ ಕಟ್ಟಿಹಾಕಿತು. ಮಾವ ಫ್ರಾನ್ಸಿಗೆ ಓಡಿದ, ಸಿಂಹಾಸನ ಅಳಿಯ ಮಗಳ ಪಾಲಾಯಿತು. ಲೂಯಿ ಅವನಿಗೆ ಉಳಿಯಲು ಒಂದು ಅರಮನೆಯನ್ನೇ ಕೊಟ್ಟ.

ಇಲ್ಲಿಗೆ ಪಾಠ ಮುಗಿಯುತ್ತದೆ, ನನಗೆ ರುಚಿ ಹತ್ತುವುದು ಇಲ್ಲಿಂದಲೇ. ಮರುವರ್ಷ ಲೂಯಿ ವಿರುದ್ಧ ವಿಲಿಯಂ ಜೊತೆ ಕೈಜೋಡಿಸಿದವನು ವಿಯೆನ್ನಾದ ಚಕ್ರವರ್ತಿ ಲಿಯೊಪೋಲ್ಡ್, ದಿನಾ ಪೂಜೆ ಪ್ರಾರ್ಥನೆ ತಪ್ಪಿಸದ ಕ್ಯಾಥೊಲಿಕ್. ಅವನದು ಹಳೇ ಸಿಟ್ಟು. 1683ರಲ್ಲಿ ತುರ್ಕರು ವಿಯೆನ್ನಾಕ್ಕೆ ಮುತ್ತಿಗೆ ಹಾಕಿದಾಗ ಪೋಲೆಂಡಿನ ರಾಜ ಬಂದು ಕಾಪಾಡಿದ, ಲೂಯಿ ಕಿರುಬೆರಳೂ ಎತ್ತಲಿಲ್ಲ. ಪೋಪ್ ಹನ್ನೊಂದನೇ ಇನ್ನೊಸೆಂಟ್‌ಗೂ ಲೂಯಿಗೂ ಎಷ್ಟು ಹಳಸಿತ್ತೆಂದರೆ, 1688ರಲ್ಲಿ ಲೂಯಿ ಪೋಪ್‌ನ ಆವಿನ್ಯೋ ಪಟ್ಟಣವನ್ನೇ ವಶಪಡಿಸಿಕೊಂಡ.

1690ರಲ್ಲಿ ಐರ್ಲೆಂಡಿನ ಬಾಯ್ನ್ ಹೊಳೆ ದಂಡೆಯಲ್ಲಿ ಮಾವ ಅಳಿಯ ಎದುರುಬದುರು ನಿಂತರು. ಅಳಿಯನ ಕಡೆಯ ಸೇನಾಪತಿ ಶೋಂಬರ್ಗ್ ಹಿಂದೆ ಲೂಯಿಯದೇ ಮಾರ್ಷಲ್, ಪ್ರೊಟೆಸ್ಟೆಂಟ್ ಅನ್ನುವ ಕಾರಣಕ್ಕೆ 1685ರ ನಂತರ ಫ್ರಾನ್ಸ್ ಬಿಟ್ಟವನು. ಎಪ್ಪತ್ತು ದಾಟಿದ ಮುದುಕ ಹೊಳೆ ದಾಟುವಾಗ ಸತ್ತ. ಗೆದ್ದದ್ದು ಅಳಿಯ. ಪರೀಕ್ಷೆಯಲ್ಲಿ ಮಾವ ಅಳಿಯ ಅಂತ ಬರೆಯಬೇಡ, ಮಾರ್ಕ್ಸ್ ಕೊಡುವುದಿಲ್ಲ.

ಪ್ರಶ್ನೆ: ಈಗಲೂ ಬ್ರಿಟನ್ನಿನಲ್ಲಿ ಕ್ಯಾಥೊಲಿಕ್ ರಾಜ ಆಗುವಂತಿಲ್ಲವಂತೆ, ಹೌದಾ? (ರಾಜಾಜಿನಗರ)

ಹೌದು. 1701ರ ಕಾನೂನು ಇನ್ನೂ ಇದೆ. ಅದರಿಂದಾಗಿಯೇ 1714ರಲ್ಲಿ ರಾಣಿ ಆ್ಯನ್ ಸತ್ತಾಗ ಹತ್ತಿರದ ರಕ್ತಸಂಬಂಧಿಗಳಾದ 50ಕ್ಕೂ ಹೆಚ್ಚು ಕ್ಯಾಥೊಲಿಕರನ್ನು ಪಕ್ಕಕ್ಕೆ ಸರಿಸಿ, ಇಂಗ್ಲಿಷ್ ಸರಿಯಾಗಿ ಬಾರದ ಜರ್ಮನಿಯ ಜಾರ್ಜ್‌ನನ್ನು ಕರೆತಂದರು. ಕ್ಯಾಥೊಲಿಕರನ್ನು ಮದುವೆಯಾದರೆ ಹಕ್ಕು ಹೋಗುತ್ತದೆ ಅನ್ನುವುದನ್ನು ಮಾತ್ರ 2015ರಲ್ಲಿ ತೆಗೆದರು. ಸಿಂಹಾಸನಕ್ಕಾಗಿ ಮತ ಬದಲಿಸಿದವರೂ ಉಂಟು. ಜರ್ಮನಿಯ ಸ್ಯಾಕ್ಸನಿಯ ಪ್ರೊಟೆಸ್ಟೆಂಟ್ ದೊರೆ ಆಗಸ್ಟಸ್ 1697ರಲ್ಲಿ ಪೋಲೆಂಡಿನ ಕಿರೀಟದ ಆಸೆಗೆ ಕ್ಯಾಥೊಲಿಕ್ ಆದ. ಅವನ ಹೆಂಡತಿ ಮತ ಬಿಡಲಿಲ್ಲ, ರಾಣಿ ಅನ್ನಿಸಿಕೊಂಡರೂ ಸಾಯುವವರೆಗೆ ಪೋಲೆಂಡಿಗೆ ಕಾಲಿಡಲಿಲ್ಲ. ಈ ಇಡೀ ಕಥೆಯಲ್ಲಿ ನನಗೆ ಇಷ್ಟವಾದವಳು ಈ ಹೆಂಗಸೇ.

ಪ್ರಶ್ನೆ: ವಿಲಿಯಂ ಇಂಗ್ಲೆಂಡಿಗೆ ಬಂದಿಳಿದದ್ದು ಒಂದು ಪುಸ್ತಕದಲ್ಲಿ ನವೆಂಬರ್ 5, ಇನ್ನೊಂದರಲ್ಲಿ 15 ಅಂತಿದೆ. ಯಾವುದು ಸರಿ? (ವಿಜಯನಗರ)

ಎರಡೂ ಸರಿ. 1582ರಲ್ಲಿ ಪೋಪ್ ಗ್ರೆಗರಿ ಕ್ಯಾಲೆಂಡರ್ ತಿದ್ದಿದಾಗ, ಪೋಪ್ ಮಾಡಿದ್ದು ನಮಗೆ ಬೇಡ ಅಂತ ಇಂಗ್ಲೆಂಡ್ 170 ವರ್ಷ ಹಟ ಹಿಡಿದು ಹಳೆಯದನ್ನೇ ಇಟ್ಟುಕೊಂಡಿತ್ತು. ಲೆಕ್ಕ ಸರಿಯಿತ್ತು, ಲೆಕ್ಕ ಹಾಕಿಸಿದವನು ಸರಿಯಿರಲಿಲ್ಲ ಅಷ್ಟೇ. ನಮ್ಮಲ್ಲಿ ಸ್ಮಾರ್ತರ ಏಕಾದಶಿ ಇವತ್ತು, ವೈಷ್ಣವರದು ನಾಳೆ ಬರುತ್ತದಲ್ಲ, ಹಾಗೆ, ಆದರೆ ಇಲ್ಲಿ ವ್ಯತ್ಯಾಸ ಹತ್ತು ದಿನದ್ದು. ವಿಲಿಯಂನ ಹಾಲೆಂಡ್ ಪ್ರೊಟೆಸ್ಟೆಂಟ್ ಆದರೂ ಹೊಸ ಕ್ಯಾಲೆಂಡರನ್ನು ಆಗಲೇ ಒಪ್ಪಿಕೊಂಡಿತ್ತು. ಹಾಗಾಗಿ ಅವನು ಅಲ್ಲಿಂದ ನವೆಂಬರ್ 11ಕ್ಕೆ ಹಡಗು ಹತ್ತಿ, ಇಲ್ಲಿ ನವೆಂಬರ್ 5ಕ್ಕೆ ಇಳಿದ.