ಸ್ಕ್ಯಾನ್ ರಿಪೋರ್ಟ್‌ನಲ್ಲಿ ಮೀಡಿಯನ್ ನರ 14 ಚದರ ಮಿ.ಮೀ. ಅಂತಿದೆ, ಹೆದರಬೇಕಾ?

ಅಮ್ಮನಿಗೆ ರಾತ್ರಿ ಹೊತ್ತು ಬೆರಳು ಜೋಮು ಹಿಡಿಯುತ್ತದೆ, ಮಣಿಕಟ್ಟಿನ ಸ್ಕ್ಯಾನ್‌ನಲ್ಲಿ ಮೀಡಿಯನ್ ನರ (ಮಣಿಕಟ್ಟಿನ ಮೂಲಕ ಅಂಗೈಗೆ ಹೋಗುವ ನರ) 14 ಬಂದಿದೆ, ಇನ್ನು ಕರೆಂಟ್ ಕೊಟ್ಟು ಮಾಡುವ ಪರೀಕ್ಷೆ ಬೇಕಾ ಅಂತ ಕೇಳಿದ್ದೀರಿ. ನಾನು ರೇಡಿಯಾಲಜಿಸ್ಟ್, ಇಂಥ ಸ್ಕ್ಯಾನ್ ಮಾಡುವುದೇ ನನ್ನ ಕೆಲಸ.

14 ಅನ್ನುವುದು ನರವನ್ನು ಅಡ್ಡಕ್ಕೆ ನೋಡಿದಾಗ ಕಾಣುವ ವಿಸ್ತೀರ್ಣ. ಮಣಿಕಟ್ಟಿನ ಇಕ್ಕಟ್ಟಾದ ದಾರಿಯಲ್ಲಿ ಬೆರಳು ಮಡಿಸುವ 9 ಟೆಂಡನ್‌ಗಳ (ಸ್ನಾಯುವನ್ನು ಮೂಳೆಗೆ ಕಟ್ಟುವ ಹಗ್ಗದಂಥ ಭಾಗ) ಜೊತೆ ಈ ನರವೂ ನುಸುಳಬೇಕು. ಅಲ್ಲಿ ಒತ್ತಡ ಬಿದ್ದರೆ ಒಳಗೆ ಚಪ್ಪಟೆಯಾಗುತ್ತದೆ, ಒಳಗೆ ಹೋಗುವ ಬಾಯಲ್ಲಿ ಬಾತುಕೊಳ್ಳುತ್ತದೆ. ಅಳೆಯುವುದು ಆ ಬಾತ ಜಾಗವನ್ನು. ಸಾಮಾನ್ಯವಾಗಿ 10ರಿಂದ 12 ದಾಟಿದರೆ ಜಾಸ್ತಿ ಅನ್ನುತ್ತೇವೆ. ಜೋಮೂ ಇದೆ, 14 ಕೂಡ ಇದೆ ಅಂದರೆ ಕಾರ್ಪಲ್ ಟನಲ್ ತೊಂದರೆ, ಅಂದರೆ ಈ ಇಕ್ಕಟ್ಟಿನಲ್ಲಿ ನರ ಒತ್ತಿಹೋಗುವ ತೊಂದರೆ, ಇರುವ ಸಾಧ್ಯತೆ ಹೆಚ್ಚು.

ಆದರೆ ಈ ಅಂಕಿ ಅಳೆಯುವ ಕೈಯನ್ನೂ ನಂಬಿಕೊಂಡಿದೆ. ಪರದೆ ಮೇಲೆ ನರ ಜೇನುಗೂಡಿನ ಹಾಗೆ ಕಾಣುತ್ತದೆ, ಸುತ್ತ ಬಿಳಿ ಅಂಚು. ಗೆರೆ ಎಳೆಯಬೇಕಾದ್ದು ಆ ಅಂಚಿನ ಒಳಬದಿಗೆ. ಬರೀ 0.2 ಮಿ.ಮೀ. ಹೊರಗೆ ಹೋದರೂ ಸಾಕು, 10 ಇದ್ದ ನರ 12 ದಾಟುತ್ತದೆ! ಚರ್ಮದ ಮೇಲೆ ಇಡುವ ಪ್ರೋಬ್ ಓರೆಯಾದರೂ ಅಷ್ಟೇ, ಅಂಕಿ ಸುಮ್ನೆ ಏರುತ್ತದೆ. ನರ ಯಾವುದು, ಟೆಂಡನ್ ಯಾವುದು ಅಂತ ಗೊಂದಲವಾದರೆ ಬೆರಳು ಮಡಿಸಲು ಹೇಳುತ್ತೇನೆ. ಟೆಂಡನ್ ಸರಸರ ಜಾರುತ್ತದೆ, ನರ ಅಷ್ಟಾಗಿ ಓಡುವುದಿಲ್ಲ.

ಅದಕ್ಕೇ ನಾನು ಮಣಿಕಟ್ಟಿಗಿಂತ ಮೇಲೆ, ಮುಂಗೈಯಲ್ಲಿ ಅದೇ ನರವನ್ನು ಇನ್ನೊಮ್ಮೆ ಅಳೆಯುತ್ತೇನೆ. ಮಣಿಕಟ್ಟಿನ ಅಳತೆ ಅದರ 1.4 ಪಟ್ಟಿಗಿಂತ ಜಾಸ್ತಿ ಇದ್ದರೆ ಅನುಮಾನ ಗಟ್ಟಿಯಾಗುತ್ತದೆ. ನಿಮ್ಮ ರಿಪೋರ್ಟ್‌ನಲ್ಲಿ ಈ ಎರಡನೇ ಅಂಕಿ ಇದೆಯಾ ನೋಡಿ. ಮಣಿಕಟ್ಟು, ಮುಂಗೈ ಎರಡು ಕಡೆಯೂ ನರ ದಪ್ಪ ಇದ್ದರೆ ಕಥೆ ಬೇರೆ. ವಂಶದಲ್ಲಿ ಬರುವ ಕೆಲವು ನರರೋಗಗಳಲ್ಲಿ ನರ ಉದ್ದಕ್ಕೂ ದಪ್ಪವಾಗಿರುತ್ತದೆ. ನಮ್ಮ ಕಡೆ ಕುಷ್ಠರೋಗವನ್ನೂ ಮರೆಯುವಂತಿಲ್ಲ. ಅದರಲ್ಲಿ ಮೊಣಕೈಗಿಂತ ಸ್ವಲ್ಪ ಮೇಲೆ ಅಲ್ನರ್ ನರ (ಕಿರುಬೆರಳ ಕಡೆಗೆ ಹೋಗುವ ಇನ್ನೊಂದು ನರ) ಊದಿಕೊಳ್ಳುವುದು ಹೆಚ್ಚು.

ಕರೆಂಟ್ ಪರೀಕ್ಷೆ ಬೇಕಾ? ಸ್ಕ್ಯಾನ್ ನರದ ಆಕಾರ ತೋರಿಸುತ್ತದೆ, ಆ ಪರೀಕ್ಷೆ ನರ ಹೇಗೆ ಕೆಲಸ ಮಾಡುತ್ತಿದೆ ಅಂತ ಹೇಳುತ್ತದೆ. 14 ಇದ್ದವರಿಗಿಂತ 18 ಇದ್ದವರ ನರ ಜಾಸ್ತಿ ಹಾಳಾಗಿದೆ ಅಂತ ಕಣ್ಣು ಮುಚ್ಚಿ ಹೇಳಲಾಗುವುದಿಲ್ಲ. ಆಪರೇಷನ್ ಮಾತು ಬಂದಿದ್ದರೆ ಈ ಪರೀಕ್ಷೆ ಮಾಡಿಸುವುದೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಬರೀ ರಾತ್ರಿ ಜೋಮು ಅಂದರೆ, ಮಲಗುವಾಗ ಮಣಿಕಟ್ಟು ಮಡಚದಂತೆ ಹಿಡಿಯುವ ಪಟ್ಟಿ (ಸ್ಪ್ಲಿಂಟ್) ಹಾಕಿ ನೋಡೋಣ ಅಂತ ಡಾಕ್ಟರು ಹೇಳಬಹುದು. ಹೆಬ್ಬೆರಳ ಬುಡದ ಮಾಂಸ ಕರಗಿದ್ದರೆ, ಕೈಯಿಂದ ಲೋಟ ಜಾರುತ್ತಿದ್ದರೆ ಮಾತ್ರ ತಡ ಮಾಡಬೇಡಿ, ಈ ವಾರವೇ ತೋರಿಸಿ.