ಬಿಪಿ ಇದ್ದವರು ಜಿಮ್‌ನಲ್ಲಿ ಉಸಿರು ಬಿಗಿಹಿಡಿಯಬೇಡಿ

ಪ್ರಶ್ನೆ: ನನಗೆ 47 ವರ್ಷ. ಬಿಪಿಗೆ ಬೆಳಿಗ್ಗೆ ಮೆಟೊಪ್ರೊಲಾಲ್ 50, ರಾತ್ರಿ ಆಮ್ಲೋಡಿಪಿನ್ 5 ತೆಗೆದುಕೊಳ್ಳುತ್ತೇನೆ. ಮನೆಯಲ್ಲಿ ನೋಡಿದರೆ 146/92ರ ಆಸುಪಾಸು ಇರುತ್ತದೆ. ಎರಡು ತಿಂಗಳಿಂದ ಜಿಮ್‌ಗೆ ಹೋಗುತ್ತಿದ್ದೇನೆ. ಟ್ರೆಡ್‌ಮಿಲ್‌ನಲ್ಲಿ ಎಷ್ಟು ಓಡಿದರೂ ನಾಡಿಬಡಿತ 115 ದಾಟುವುದಿಲ್ಲ. 140ಕ್ಕೆ ಏರಿಸಿ ಎನ್ನುತ್ತಾರೆ ಟ್ರೈನರ್. ಲೆಗ್ ಪ್ರೆಸ್ ಮುಗಿಸಿ ಎದ್ದರೆ ಕಣ್ಣು ಕತ್ತಲೆ ಬರುತ್ತದೆ. ಇಸಿಜಿ ನಾರ್ಮಲ್. ಪುನೀತ್ ರಾಜ್‌ಕುಮಾರ್ ಹೋದಾಗಿನಿಂದ ಮನೆಯವರಿಗೆ ಜಿಮ್ ಎಂದರೆ ಭಯ. ಬಿಟ್ಟುಬಿಡಲೇ?
— ಹೆಸರು ಬೇಡ, ದಾವಣಗೆರೆ

ಉತ್ತರ: ವ್ಯಾಯಾಮ ಬಿಡಬೇಡಿ, ಲೆಗ್ ಪ್ರೆಸ್ ಮಾತ್ರ ಸದ್ಯಕ್ಕೆ ನಿಲ್ಲಿಸಿ. ಭಾರ ತಳ್ಳುವಾಗ ಉಸಿರು ಕಟ್ಟಿದರೆ ಎದೆಯೊಳಗಿನ ಒತ್ತಡ ಹೆಚ್ಚಿ ಬಿಪಿ ಒಮ್ಮೆಲೇ ಮೇಲೇರುತ್ತದೆ. ಅತಿ ಭಾರದ ಲೆಗ್ ಪ್ರೆಸ್‌ನಲ್ಲಿ ಮೇಲಿನ ಅಂಕಿ 300 ದಾಟಿದ್ದೂ ಅಳತೆಗೆ ಸಿಕ್ಕಿದೆ. ಉಸಿರು ಬಿಟ್ಟು ಎದ್ದ ಕೂಡಲೇ ರಕ್ತ ಕಾಲಿಗಿಳಿದು ಬಿಪಿ ಕುಸಿಯುತ್ತದೆ. ಆಮ್ಲೋಡಿಪಿನ್ ರಕ್ತನಾಳ ಹಿಗ್ಗಿಸುವ ಮಾತ್ರೆ, ಅದೂ ಇದಕ್ಕೆ ಕೂಡಿಕೊಳ್ಳುತ್ತದೆ. ಕಾರಣ ಬಹುಶಃ ಇಷ್ಟೇ. ಆದರೂ ಕವಾಟ ಕಿರಿದಾಗಿದ್ದರೆ, ಹೃದಯದ ಗೋಡೆ ದಪ್ಪಗಾಗಿದ್ದರೆ ಅಥವಾ ಬಡಿತದ ಲಯ ತಪ್ಪುತ್ತಿದ್ದರೆ ಕೂಡ ಹೀಗಾಗಬಹುದು. ಮಲಗಿಸಿ ತೆಗೆದ ಇಸಿಜಿಯಲ್ಲಿ ಇವು ತಪ್ಪಿಹೋಗುವುದುಂಟು. ಹೃದ್ರೋಗ ತಜ್ಞರಿಗೆ ತೋರಿಸಿ ಒಮ್ಮೆ ಎಕೋ (ಹೃದಯದ ಸ್ಕ್ಯಾನಿಂಗ್) ಮಾಡಿಸಿ. ಶ್ರಮಪಡುತ್ತಿರುವಾಗಲೇ ಪ್ರಜ್ಞೆ ತಪ್ಪಿದರೆ ಅಂದೇ ತೋರಿಸಬೇಕು.

ವೈದ್ಯರು ಒಪ್ಪಿದ ಮೇಲೆ, ಉಸಿರು ಕಟ್ಟದೆ 12–15 ಸಲ ಎತ್ತಬಹುದಾದ ಭಾರವನ್ನಷ್ಟೇ ಹಾಕಿ. ತಳ್ಳುವಾಗ ಬಾಯಿಂದ ಉಸಿರು ಬಿಡಿ, ಇಳಿಸುವಾಗ ಎಳೆದುಕೊಳ್ಳಿ. ಕೊನೆಯ ಎರಡು ಸಲಕ್ಕೆ ಮುಖ ಕೆಂಪಾಗಿ ಉಸಿರು ಬಿಗಿಯಾದರೆ ಭಾರ ಜಾಸ್ತಿಯಾಯಿತೆಂದೇ ಲೆಕ್ಕ. ಮುಗಿಸಿ ತಟ್ಟನೆ ನಿಲ್ಲಬೇಡಿ. 5–10 ನಿಮಿಷ ಮೆಲ್ಲಗೆ ನಡೆಯಿರಿ.

ಟ್ರೈನರ್ ಹೇಳುವ 140 ಬಂದದ್ದು 220ರಿಂದ ವಯಸ್ಸು ಕಳೆಯುವ ಸೂತ್ರದಿಂದ. ನಿಮ್ಮ ಲೆಕ್ಕ 173. ಅದರ 80% ಸುಮಾರು 138. ಮೆಟೊಪ್ರೊಲಾಲ್ ತಿನ್ನುವವರಿಗೆ ಈ ಸೂತ್ರ ನಡೆಯುವುದಿಲ್ಲ. ಬಡಿತವನ್ನು ತಗ್ಗಿಸುವುದೇ ಆ ಮಾತ್ರೆಯ ಕೆಲಸ. ನಡೆಯುತ್ತಾ ಮಾತಾಡಲು ಆಗಬೇಕು, ಹಾಡಲು ಆಗಬಾರದು. ನಿಮಗೆ ಅಷ್ಟು ಶ್ರಮ ಸರಿ. ಬಡಿತ ಏರಲಿ ಎಂದು ಮಾತ್ರೆ ತಪ್ಪಿಸುವವರಿದ್ದಾರೆ. ದಯವಿಟ್ಟು ಆ ಕೆಲಸ ಮಾಡಬೇಡಿ. ಮೆಟೊಪ್ರೊಲಾಲ್ ಹಠಾತ್ತಾಗಿ ನಿಲ್ಲಿಸಿದರೆ ಎದೆನೋವು, ಹೃದಯಾಘಾತವೂ ಆಗಬಹುದು.

ಮನೆಯಲ್ಲಿ ಬಿಪಿ 135/85ಕ್ಕಿಂತ ಕೆಳಗಿರಬೇಕು. ನಿಮ್ಮದು ಇನ್ನೂ ಹತೋಟಿಗೆ ಬಂದಿಲ್ಲ, ಔಷಧದ ಪ್ರಮಾಣ ವೈದ್ಯರೇ ನೋಡಬೇಕು. ಜಿಮ್‌ನಿಂದ ಬಂದ ಕೂಡಲೇ ಅಳೆಯಬೇಡಿ; ವ್ಯಾಯಾಮದ ನಂತರ ಕೆಲವು ಗಂಟೆ ಬಿಪಿ ತಗ್ಗಿರುವುದರಿಂದ ಮೋಸಹೋಗುತ್ತೀರಿ. ಕಾಫಿ ಕುಡಿದು ಅರ್ಧ ಗಂಟೆಯಾದರೂ ಕಳೆದಿರಲಿ. ಬೆನ್ನಿಗೆ ಆಸರೆ ಕೊಟ್ಟು 5 ನಿಮಿಷ ಕೂತು, ಪಾದ ನೆಲಕ್ಕೂರಿ, ತೋಳನ್ನು ಎದೆಯ ಮಟ್ಟಕ್ಕಿಟ್ಟು, ನಿಮಿಷದ ಅಂತರದಲ್ಲಿ ಎರಡು ಸಲ ನೋಡಿ. ಹೀಗೆ 7 ದಿನ ಬೆಳಿಗ್ಗೆ ಸಂಜೆ ಬರೆದಿಟ್ಟು ವೈದ್ಯರಿಗೆ ತೋರಿಸಿ. 180/110 ಕಂಡ ದಿನ ವ್ಯಾಯಾಮ ಬೇಡ.

ಪ್ರಶ್ನೆ: ನಮ್ಮ ಯಜಮಾನರಿಗೆ 52. ವಾಕಿಂಗ್‌ನಲ್ಲಿ ಏರು ಹತ್ತುವಾಗ ಎದೆ ಹಿಡಿದಂತಾಗುತ್ತದೆ, ನಿಂತರೆ ಸರಿಹೋಗುತ್ತದೆ. ಈ ತಿಂಗಳು ಶುರುವಾಗಿದೆ. ಹೋದ ವರ್ಷ ಟಿಎಂಟಿ (ಟ್ರೆಡ್‌ಮಿಲ್ ಮೇಲೆ ನಡೆಸಿ ಮಾಡುವ ಹೃದಯ ಪರೀಕ್ಷೆ) ನಾರ್ಮಲ್ ಇತ್ತು, ಇದು ಗ್ಯಾಸ್ ಅಷ್ಟೇ ಎನ್ನುತ್ತಾರೆ.
— ಗೃಹಿಣಿ, ಶಿರಸಿ

ಉತ್ತರ: ಗ್ಯಾಸ್ ಎಂದುಕೊಂಡು ಕೂರಬೇಡಿ ತಾಯಿ. ನಡೆದರೆ ಬಂದು ನಿಂತರೆ ಹೋಗುವ ಬಿಗಿತವನ್ನು, ಅಲ್ಲವೆಂದು ಪರೀಕ್ಷೆಯಲ್ಲಿ ತಿಳಿಯುವವರೆಗೂ, ಹೃದಯದ್ದೆಂದೇ ಹಿಡಿಯಬೇಕು. ಟಿಎಂಟಿ ಹೇಳುವುದು ಅಂದಿನ ರಕ್ತದ ಹರಿವನ್ನು. ಹೃದಯದ ರಕ್ತನಾಳದಲ್ಲಿ ಅರ್ಧಕ್ಕಿಂತ ಕಡಿಮೆ ಅಡ್ಡಬಂದಿರುವ ಕೊಬ್ಬಿನ ಗಡ್ಡೆ ಅದರಲ್ಲಿ ಕಾಣದೆಯೂ ಇರಬಹುದು, ಮುಂದೊಂದು ದಿನ ಒಡೆಯಲೂಬಹುದು. ಇಂದು ನಾಳೆಯೊಳಗೆ ತೋರಿಸಿ. ಅಲ್ಲಿಯವರೆಗೆ ವಾಕಿಂಗ್ ನಿಲ್ಲಿಸಲಿ.

ಸುಮ್ಮನೆ ಕೂತಾಗಲೂ ಬಂದರೆ, ನಿಂತ ಮೇಲೂ ಹೋಗದಿದ್ದರೆ, ಬೆವರು ಬಂದರೆ, ದವಡೆಗೋ ಎಡಗೈಗೋ ಹರಡಿದರೆ ತಕ್ಷಣ 108ಕ್ಕೆ ಕರೆಮಾಡಿ. ಅವರೇ ಬೈಕ್ ಓಡಿಸಿಕೊಂಡು ಹೋಗಬಾರದು. ಅಲರ್ಜಿ, ರಕ್ತಸ್ರಾವದ ತೊಂದರೆ ಇಲ್ಲದಿದ್ದರೆ 300 ಮಿ.ಗ್ರಾಂ. ಆಸ್ಪಿರಿನ್ ಅಗಿದು ನುಂಗಲಿ. ರಕ್ತನಾಳ ಹಿಗ್ಗಿಸುವ ಸಾರ್ಬಿಟ್ರೇಟ್ ಮಾತ್ರೆಯನ್ನು ವೈದ್ಯರು ಹೇಳದೆ ನಾಲಿಗೆಯಡಿ ಇಡಬೇಡಿ, ಬಿಪಿ ಕುಸಿದೀತು. ಪುನೀತ್ ಹೆಸರಿನ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ನೋಡಿ, ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ನಿಮಗೆ ಹತ್ತಿರದಲ್ಲಿ ಎಲ್ಲಿ ಸಿಗುತ್ತದೆಂದು ಈಗಲೇ ವಿಚಾರಿಸಿಟ್ಟುಕೊಳ್ಳಿ.